ಕಣ್ಣಿನ ಗಾಡಿಯ ಬಂಬ

ತೆಳ್ಳಗಿರುವುದು ಒಂದು ಗುಣ ಎಂದು ಯಾರಾದರೂ ಹೊಗಳಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಹೊಗಳಿಕೆಯ ಬೆನ್ನಿಗೇ ಯಾವುದೋ ಸಂದಿಯಲ್ಲಿ ಕೈ ಹಾಕುವ ಕೆಲಸ ಬರುತ್ತದೆ ಎಂಬುದು ನನ್ನ ಅನುಭವ. ದಪ್ಪಗಿದ್ದವರನ್ನು ಜನ ಊಟಕ್ಕೆ ಕರೆಯುತ್ತಾರೆ, ತೆಳ್ಳಗಿದ್ದವರನ್ನು ಕಪಾಟಿನ ಹಿಂದೆ ಬಿದ್ದ ಚಮಚ ತೆಗೆಯಲು ಕರೆಯುತ್ತಾರೆ. ನನ್ನ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಮೂರು ಗೀರುಗಳಿವೆ. ಕೇಳಿದವರಿಗೆ ಬೆಕ್ಕು ಪರಚಿತ್ತು ಎಂದು ಹೇಳಿಬಿಡುತ್ತೇನೆ. ನಿಮ್ಮೊಬ್ಬರಿಗೆ ನಿಜ ಹೇಳುತ್ತೇನೆ: ಅವು ಒಂದು ಬಂಬ ಮಾಡಿದ ಗುರುತು.

ಬಂಬ ಎಂದರೆ ನಮ್ಮ ಕಡೆಯ ಬಚ್ಚಲಮನೆಯ ಯಜಮಾನ. ತಾಮ್ರದ ದುಂಡು ಹೊಟ್ಟೆ, ನಡುವೆ ಹೊಗೆ ಹೋಗುವ ಕೊಳವೆ, ಕೆಳಗೆ ಬೆಂಕಿ, ಪಕ್ಕಕ್ಕೊಂದು ನಲ್ಲಿ. ಮನೆಯಲ್ಲಾದರೆ ಅದು ಮೂಲೆಯಲ್ಲಿ ಕಾಲೂರಿ ನಿಂತಿರುತ್ತದೆ. ಬೇಕೆಂದಾಗ ಹೊರಗೆಳೆದು ತಿಕ್ಕಬಹುದು, ಬೆಳಗಬಹುದು, ಬೈಯಬಹುದು. ನನ್ನ ಹಣೆಯಲ್ಲಿ ಬರೆದದ್ದು ಮಾತ್ರ ಗಾಲಿಗಳ ಮೇಲೆ ಊರೂರು ತಿರುಗುವ ಬಂಬ.

ಎಪ್ಪತ್ತೈದನೆಯ ಇಸವಿಯ ಮಾತು. ಒಂದು ಧರ್ಮಾರ್ಥ ಸಂಸ್ಥೆಯ ಮೋಟಾರಿನಲ್ಲಿ ನಾನು ಕಂಪೌಂಡರ್ ಆಗಿದ್ದೆ. ಜನ ಅದನ್ನು ಕಣ್ಣಿನ ಗಾಡಿ ಎನ್ನುತ್ತಿದ್ದರು. ಹಳೆಯ ಬಸ್ಸೊಂದರ ಸೀಟುಗಳನ್ನೆಲ್ಲ ಕಿತ್ತು ಒಳಗೆ ಮನೆ ಮಾಡಿದ್ದರು. ಮುಂದೆ ಡ್ರೈವರ್ ಇಮಾಮಸಾಬನ ರಾಜ್ಯ. ನಡುವೆ ಔಷಧದ ಕಪಾಟು, ನಾನು ಮಲಗುವ ಬೆಂಚು. ಹಿಂದೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಪುಟ್ಟ ಕೋಣೆ. ಅದರಲ್ಲಿ ಡಾಕ್ಟರ್ ಸಾಹೇಬರ ಮಂಚ, ಒಂದು ಕಿಟಕಿ, ಕೈ ತೊಳೆಯುವ ಬೇಸಿನ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ವಾರಕ್ಕೊಂದು ಊರು ಸುತ್ತುತ್ತಿದ್ದೆವು. ಶಾಲೆಯಲ್ಲೋ ಛತ್ರದಲ್ಲೋ ಕೋಣೆ ಕೇಳಿಕೊಂಡು ಸುಣ್ಣ ಹೊಡೆಸಿ ಅಲ್ಲಿ ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಶನ್ ಮಾಡುತ್ತಿದ್ದೆವು. ಮಾಡುವವರು ಸಾಹೇಬರು. ನಾನು ಹನಿ ಹಾಕುವವನು, ಪಟ್ಟಿ ಕಟ್ಟುವವನು ಮತ್ತು ತೆಳ್ಳಗಿದ್ದುದರಿಂದ ಬಂಬ ನೋಡಿಕೊಳ್ಳುವವನು.

ಆ ಬಂಬ ಎಲ್ಲಿತ್ತು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸಾಹೇಬರ ಮಂಚದ ಕೆಳಗೆ, ಹಿಂದಿನ ಗಾಲಿಯ ಉಬ್ಬಿಗೂ ಬೇಸಿನ್ನಿನ ಗೋಡೆಗೂ ನಡುವೆ ಅದನ್ನು ತುರುಕಿದ್ದರು. ನೀರು ಗಾಡಿಯ ನೆತ್ತಿಯ ಮೇಲಿನ ಟಾಕಿಯಿಂದ ಕೊಳವೆಯಲ್ಲಿ ಇಳಿಯುತ್ತಿತ್ತು. ಕೆಳಗಿನ ಪಂಪಿನ ಸ್ಟೋವನ್ನು ಗಾಡಿಯ ಹೊರಮೈಯಲ್ಲಿದ್ದ ಸಣ್ಣ ಬಾಗಿಲಿನಿಂದ ಹಚ್ಚಬಹುದಿತ್ತು. ಅಷ್ಟು ಮಟ್ಟಿಗೆ ಕಟ್ಟಿದವನಿಗೆ ಕರುಣೆಯಿತ್ತು. ಆದರೆ ಬಂಬದ ಹೊಟ್ಟೆಯನ್ನು ತೊಳೆಯಲು ಇದ್ದ ಬಾಯಿ ಗಾಲಿಯ ಕಡೆಗೆ ಮುಖ ಮಾಡಿಕೊಂಡಿತ್ತು. ಅಲ್ಲಿಗೆ ತಲುಪಬೇಕಾದರೆ ಗಾದಿ ತೆಗೆದು, ಟ್ರಂಕು ಎಳೆದು, ಮಂಚದ ಹಲಗೆ ಎತ್ತಿ, ಎಂಟು ತಿರುಪು ಬಿಚ್ಚಿ, ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಗಾಲಿಯ ತಗಡಿಗೆ ಒತ್ತಿ, ಒಂದು ಕೈ ಚಾಚಬೇಕು. ಕೈ ಒಳಗೆ ಹೋದರೆ ಬೆಳಕು ಹೋಗುವುದಿಲ್ಲ. ಬೆಳಕು ಬೇಕೆಂದರೆ ಕೈ ಹೊರಗೆ ತೆಗೆಯಬೇಕು. ಕಣ್ಣಿನ ಆಸ್ಪತ್ರೆಯ ಗಾಡಿಯಲ್ಲಿ ನಾನು ಮಾಡುತ್ತಿದ್ದದ್ದು ಶುದ್ಧ ಕುರುಡರ ಕೆಲಸ.

ಇಮಾಮಸಾಬ ಬಾಗಿಲಲ್ಲಿ ನಿಂತು ಬೀಡಿ ಹಚ್ಚುತ್ತ ನನ್ನ ಕಾಲುಗಳ ಜೊತೆ ಮಾತಾಡುತ್ತಿದ್ದ. ಉಳಿದ ದೇಹ ಅವನಿಗೆ ಕಾಣುತ್ತಿರಲಿಲ್ಲ.

"ಇದನ್ನ ಕಟ್ಟಿದಾಂವ ಮೊದಲ ಬಂಬ ಇಟ್ಟಾನ್ರಿ ಕಂಪೌಂಡರ್ರ. ಆಮ್ಯಾಲೆ ಅದರ ಸುತ್ತ ಮೋಟಾರ ಕಟ್ಯಾನ. ಹಂಗಾಗಿ ಈ ಮನಿಗೆ ಯಜಮಾನ ಬಂಬನ, ನಾವೆಲ್ಲಾ ಬಾಡಗಿದಾರ್ರು."

ಇನ್ನು ನೀರಿನ ಮಾತು. ಮನುಷ್ಯರಿಗೆ ಊರಿಗೊಂದು ಗುಣ ಇರುವಂತೆ ನೀರಿಗೂ ಇದೆ ಎಂದು ಆ ಬಂಬ ನನಗೆ ಕಲಿಸಿತು. ಕಿತ್ತೂರಿನ ನೀರು ಸಾಧು, ಬೇಳೆ ಬೇಗ ಬೇಯುತ್ತಿತ್ತು. ಬೈಲಹೊಂಗಲದ ನಮ್ಮ ಓಣಿಯ ಬಾವಿಯ ನೀರನ್ನು ಬೈದರೆ ನನ್ನ ಹೆಂಡತಿ ಸಿಟ್ಟಾಗುತ್ತಾಳೆ, ಅದಕ್ಕೆ ಬೈಯುವುದಿಲ್ಲ. ಆದರೆ ಉಳಿದ ಎರಡು ಊರುಗಳಲ್ಲಿ ನಮಗೆ ಸಿಗುತ್ತಿದ್ದದ್ದು ಸವಳು. ಸಾಬೂನು ಹಚ್ಚಿದರೆ ನೊರೆಯ ಬದಲು ಮೊಸರು ಒಡೆದಂತೆ ಆಗುತ್ತಿತ್ತು. ಅದನ್ನು ದಿನಾಲೂ ಕುದಿಸಿ ಕುದಿಸಿ ಬಂಬದ ಒಳಗೆ ಸುಣ್ಣದ ಹಕ್ಕಳೆ ಕಟ್ಟಿ, ಬೆಂಕಿ ಹೊರಗೇ ಉಳಿದು ನೀರು ಒಳಗೇ ತಣ್ಣಗಿರುತ್ತಿತ್ತು. ಮೊದಲು ಅರ್ಧ ತಾಸಿನಲ್ಲಿ ಕಾಯುತ್ತಿದ್ದ ನೀರು ಆ ಮಳೆಗಾಲ ಮುಗಿಯುವಷ್ಟರಲ್ಲಿ ಒಂದೂವರೆ ತಾಸು ಬೇಡತೊಡಗಿತು. ನಲ್ಲಿಯ ಧಾರೆ ನೂಲಿನಂತಾಯಿತು. ಸ್ಟೋವಿನ ಚಿಮಣಿ ಎಣ್ಣೆಗೆ ಸರದಿಯಲ್ಲಿ ನಿಲ್ಲುವವನೂ ನಾನೇ ಆದ್ದರಿಂದ ಇದೆಲ್ಲ ನನ್ನ ಎದೆಯ ಮೇಲೇ ಬಂದು ಕೂತಿತ್ತು.

ನೀವು ಕೇಳಬಹುದು, ಇಷ್ಟು ಪರದಾಟ ಯಾಕೆ, ಹೊರಗೆ ಮೂರು ಕಲ್ಲಿಟ್ಟು ಒಂದು ಹಂಡೆ ನೀರು ಕಾಯಿಸಿದರೆ ಆಗುತ್ತಿರಲಿಲ್ಲವೇ ಎಂದು. ಇಮಾಮಸಾಬನೂ ಅದನ್ನೇ ಕೇಳುತ್ತಿದ್ದ. ನಾನು ಅವನಿಗೆ ಉತ್ತರ ಹೇಳುವಂತಿರಲಿಲ್ಲ, ಯಾಕೆಂದರೆ ಆ ಉತ್ತರ ನನ್ನದಾಗಿರಲಿಲ್ಲ.

ಸಾಹೇಬರು ಬೆಳಿಗ್ಗೆ ಅರ್ಧ ತಾಸು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಡಿವಂತರ ಸ್ನಾನ ಸಾವಕಾಶ ಎಂದು ನಾವು ತಿಳಿದಿದ್ದೆವು. ಹಿಂದಿನ ವರ್ಷದ ಚಳಿಗಾಲದಲ್ಲಿ ಕಿತ್ತೂರಿನಲ್ಲಿ ಒಂದು ದಿನ ಬಾಗಿಲ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ನಾನು ಚಹಾ ಹಿಡಿದುಕೊಂಡು ನಿಂತವನು ಸಂದಿಯಿಂದ ನೋಡಿದೆ. ಅವರು ಬೇಸಿನ್ನಿನ ಹೊಗೆಯಾಡುವ ನೀರಿನಲ್ಲಿ ಎರಡೂ ಕೈ ಮುಳುಗಿಸಿಕೊಂಡು ನಿಂತಿದ್ದರು. ಆಮೇಲೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಮುಷ್ಟಿ ಹಿಡಿದು ಮಲಗಿದ ಕೂಸಿನ ಬೆರಳು ಬಿಡಿಸುವಂತೆ. ಬಿಡಿಸಿದ ಬೆರಳು ಮತ್ತೆ ಮಡಚಿಕೊಂಡರೆ ಬಿಸಿ ನೀರು ಬಿಟ್ಟುಕೊಂಡು ಮತ್ತೆ ಬಿಡಿಸುತ್ತಿದ್ದರು. ನಾನು ಚಹಾ ತೆಗೆದುಕೊಂಡು ಹಿಂದಕ್ಕೆ ಹೋಗಿ ಅದನ್ನು ನಾನೇ ಕುಡಿದೆ.

ಆಮೇಲೆ ಈ ವಿಷಯ ನಾವಿಬ್ಬರೂ ಎಂದೂ ಮಾತಾಡಲಿಲ್ಲ. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಳಗಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ನೀರು ಬಿಸಿ ಅದ ಏನ್ರಿ?" ಅದರಲ್ಲಿ ಇಡೀ ದಿನದ ಭವಿಷ್ಯ ಇರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಬಂದ ಮನುಷ್ಯ ಅವರು. ಅವರಿಗೆ ಮನೆ ಎಂದರೆ ಈ ಗಾಡಿಯೇ, ಊಟ ಎಂದರೆ ಇಮಾಮಸಾಬ ಮಾಡಿದ ಅನ್ನ ಸಾರೇ. ಬೆರಳಿನ ಮಾತು ಸಂಸ್ಥೆಯವರ ಕಿವಿಗೆ ಬಿದ್ದರೆ ಕೆಲಸ, ಮನೆ, ಅನ್ನ ಮೂರೂ ಒಟ್ಟಿಗೆ ಹೋಗುತ್ತಿದ್ದವು. ಬಂಬ ಆರಿದರೆ ಸಾಹೇಬರು ಆರಿದಂತೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಆ ಮಳೆಗಾಲದಲ್ಲಿ ರಾಮದುರ್ಗದ ಒಬ್ಬ ಮುದುಕ ನೇಕಾರನ ಪಟ್ಟಿ ಬಿಚ್ಚಿದಾಗ ಅವನಿಗೆ ಬೆಳಕಿನ ಹೊರತು ಏನೂ ಕಾಣಲಿಲ್ಲ. ಮಗ್ಗದ ಎಳೆ ಕಾಣಬೇಕೆಂದು ಬಂದವನು. "ವಯಸ್ಸಾಗೇತಲ್ಲ ಅಜ್ಜಾ, ನರ ಸೊರಗ್ಯಾವ," ಎಂದು ನಾನೇ ಅವನಿಗೆ ಸಮಾಧಾನ ಹೇಳಿ ಬಸ್ಸು ಹತ್ತಿಸಿದೆ. ಮುದುಕ ನನಗೇ ಕೈಮುಗಿದು ಹೋದ. ಮರುದಿನದಿಂದ ಸ್ಟೋವಿನ ತೂತು ಬಿಡಿಸುವ ಪಿನ್ನನ್ನು ದಿನಕ್ಕೆ ಎರಡು ಸಲ ಹಾಕತೊಡಗಿದೆ. ನೀರು ಇನ್ನಷ್ಟು ಬಿಸಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವುದು ನನಗೆ ಸುಲಭವಾಗಿತ್ತು.

ಹೀಗಿರುವಾಗ ದೀಪಾವಳಿ ಬಂತು. ಪಾಡ್ಯ ಮುಗಿದ ಮರುದಿನವೇ ಸವದತ್ತಿಯಲ್ಲಿ ದೊಡ್ಡ ಶಿಬಿರ ಇಟ್ಟಿದ್ದರು. ರಜೆ ಇದ್ದುದರಿಂದ ಇಡೀ ಶಾಲೆ ಸಿಕ್ಕಿತ್ತು. ಕೋಣೆಗಳನ್ನು ಸಜ್ಜು ಮಾಡಬೇಕಾದ್ದರಿಂದ ನನಗೆ ಹಬ್ಬಕ್ಕೆ ಊರಿಗೆ ಹೋಗಲಾಗಲಿಲ್ಲ. ನೀರು ತುಂಬುವ ಹಬ್ಬದ ಮಧ್ಯಾಹ್ನ ಆ ಖಾಲಿ ಶಾಲೆಯ ಅಂಗಳದಲ್ಲಿ ಕುಳಿತಾಗ ನನಗೆ ಬಂದ ದುಃಖ ಹೇಳತೀರದು. ಬೈಲಹೊಂಗಲದಲ್ಲಿ ಆ ಹೊತ್ತಿಗೆ ನನ್ನ ಹೆಂಡತಿ ಬಂಬವನ್ನು ಹಿತ್ತಲಿಗೆ ಎಳೆದು ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕುತ್ತಿರುತ್ತಾಳೆ. ಆಮೇಲೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ, ದೀಪ ಇಡುತ್ತಾಳೆ. ವರ್ಷವಿಡೀ ಮೂಲೆಯಲ್ಲಿ ಮಸಿ ಹಿಡಿದು ಕೂತ ಪಾತ್ರೆಗೆ ಅದೊಂದು ದಿನ ಮದುವಣಗಿತ್ತಿಯ ಮರ್ಯಾದೆ. ನಮ್ಮ ಜನ ತಮ್ಮ ಮೈ ತೊಳೆಯುವುದನ್ನು ಒಂದು ದಿನ ಮರೆತಾರು, ಆ ದಿನ ಬಂಬ ತೊಳೆಯುವುದನ್ನು ಮರೆಯುವುದಿಲ್ಲ. ನನ್ನ ತಾಯಿಯಂತೂ ಒಳಗೆ ಕೈ ಹಾಕಿ ತಿಕ್ಕದ ಬಂಬಕ್ಕೆ ನೀರು ತುಂಬಿದರೆ ಮನೆಗೆ ಮೈಲಿಗೆ ಎನ್ನುತ್ತಿದ್ದಳು.

ಎದ್ದು ಪೇಟೆಗೆ ಹೋಗಿ ಒಂದು ಸೇರು ಹುಣಸೆಹಣ್ಣು, ಒಂದು ಹಿಂಡಲಕಾಯಿಯ ಬಳ್ಳಿ ತಂದೆ.

ಶಾಲೆಯ ಪಡಸಾಲೆಯಲ್ಲಿ ಆಗಲೇ ಒಬ್ಬ ರೋಗಿ ಬಂದು ಕುಳಿತಿದ್ದಳು. ಹೂಲಿಯ ಗಂಗವ್ವ. ಹಬ್ಬದ ಗದ್ದಲದಲ್ಲಿ ಕುರುಡು ಮುದುಕಿ ಎಲ್ಲಾದರೂ ಎಡವಿಬಿದ್ದಾಳು ಎಂದು ಮಗ ಮುಂಚಿತವಾಗಿಯೇ ತಂದು ಬಿಟ್ಟು ಹೋಗಿದ್ದ. ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ ಹರವಿಕೊಂಡು, ಬೆರಳಿನಿಂದ ಬಟ್ಟೆಯ ಅಂಚು ಹುಡುಕುತ್ತ ಹೊಲಿಯುತ್ತಲೇ ಇದ್ದಳು. ದಾರ ಮುಗಿದಾಗ ಮಾತ್ರ ಇಮಾಮಸಾಬನನ್ನು ಕೂಗುತ್ತಿದ್ದಳು, ಅವನು ಸೂಜಿ ಪೋಣಿಸಿ ಕೊಡುತ್ತಿದ್ದ. ಆಪರೇಶನ್ ಯಾಕೆ ಬೇಕವ್ವ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಹೊಲಿಗಿ ಬಟ್ಟಿಗೆ ಗೊತ್ತೈತೆಪ್ಪಾ. ಸೂಜಿ ಕಣ್ಣ ಸಿಗವಲ್ದು. ದಾರ ಪೋಣಿಸಾಕ ಮಂದೀನ ಕರೀಬೇಕಂದ್ರ ಜೀಂವ ಹಿಡಿ ಆಗತೈತಿ."

ಸಾಹೇಬರು ಮಲಪ್ರಭೆಯ ಕಡೆ ತಿರುಗಾಡಲು ಹೋದ ಹೊತ್ತು ನೋಡಿ ನಾನು ಅವರ ಗಾದಿ ಎತ್ತಿದೆ. ಹುಣಸೆ ಹಿಂಡಿದ ನೀರನ್ನು ಬಂಬದ ತುಂಬ ಹಾಕಿ ಒಂದು ತಾಸು ಕುದಿಸಿದೆ. ಇಡೀ ಅಂಗಳ ಮದುವೆಯ ಮನೆಯ ಸಾರಿನ ವಾಸನೆ ಹೊಡೆಯಿತು. ಆರಿದ ಮೇಲೆ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿ ತೆಂಗಿನ ನಾರಿನ ಕತ್ತದಿಂದ ತಿಕ್ಕತೊಡಗಿದೆ. ತೋಳು ತಗಡಿಗೆ ಉಜ್ಜಿ ಸುಲಿಯಿತು. ಆ ಮೂರು ಗೀರುಗಳು ಆಗಿನವು. ಅರ್ಧ ತಾಸಾದರೂ ಏನೂ ಕಳಚಲಿಲ್ಲ. ಕೈ ಎಲ್ಲಿದೆ, ಹಕ್ಕಳೆ ಎಲ್ಲಿದೆ ಒಂದೂ ತಿಳಿಯದೆ ನಾನು ಅಲ್ಲೇ ಮಲಗಿ ನರಳಿದ್ದು ಪಡಸಾಲೆಗೆ ಕೇಳಿಸಿರಬೇಕು.

"ಯಾಕ ತಮ್ಮಾ, ಏನ ಮಾಡಾಕ ಹತ್ತೀ?" ಎಂದು ಗಂಗವ್ವ ಅಲ್ಲಿಂದಲೇ ಕೇಳಿದಳು.

"ಬಂಬ ತಿಕ್ಕಾಕ ಹತ್ತೇನಿ ಬೇ. ಒಳಗ ಏನೂ ಕಾಣವಲ್ದು."

"ಕಣ್ಣ ತಗದೀ ಏನು?"

"ಹೂಂ."

"ಮುಚ್ಚು. ಕಾಣದಲ್ಲೆ ಕಣ್ಣ ತಗದ್ರ ಕೈ ದಡ್ಡ ಆಗತೈತಿ."

ಕಣ್ಣು ಮುಚ್ಚಿದೆ. ನಿಮಗೆ ನಗು ಬರಬಹುದು, ನನಗೂ ಬಂತು. ಆದರೆ ಸ್ವಲ್ಪ ಹೊತ್ತಿಗೆ ಬೆರಳಿಗೆ ಹಕ್ಕಳೆಯ ಅಂಚು ಸಿಕ್ಕಿತು. ಉಗುರು ತೂರಿಸಿ ಎಬ್ಬಿಸಿದೆ. ಹಪ್ಪಳದಷ್ಟು ದೊಡ್ಡದೊಂದು ಚೂರು ಕಳಚಿ ಬಂತು. ಆಮೇಲೆ ಇನ್ನೊಂದು. ಹೊತ್ತು ಮುಳುಗುವಷ್ಟರಲ್ಲಿ ಒಂದು ಬುಟ್ಟಿ ಹಕ್ಕಳೆ ಹೊರಗೆ ಬಿದ್ದಿತ್ತು. ಒಳಗಿನ ತಾಮ್ರ ಬೆಣ್ಣೆ ಸವರಿದಷ್ಟು ನುಣುಪಾಗಿತ್ತು. ಇಷ್ಟು ಶ್ರದ್ಧೆಯಿಂದ ನಾನು ಬೇರೇನನ್ನೂ ಮಾಡಿದವನಲ್ಲ, ನನ್ನ ಮದುವೆಯಲ್ಲಿ ಸಪ್ತಪದಿಯನ್ನೂ ಇಷ್ಟು ಮನಸ್ಸಿಟ್ಟು ತುಳಿದಿರಲಿಲ್ಲ. ಬಳ್ಳಿಯನ್ನು ಬಂಬದ ಕೊರಳಿಗೆ ಕಟ್ಟಲು ಜಾಗವಿಲ್ಲದೆ ಬೇಸಿನ್ನಿನ ನಲ್ಲಿಗೆ ಕಟ್ಟಿ, ಹೊಸ ನೀರು ತುಂಬಿ, ಎದುರಿಗೊಂದು ಹಣತೆ ಇಟ್ಟೆ. ತಿರುಗಾಡಿ ಬಂದ ಸಾಹೇಬರು ಬಳ್ಳಿಯನ್ನು ಬಹಳ ಹೊತ್ತು ನೋಡಿ, "ನಮ್ಮಾಕಿ ಇದ್ದಾಗ ಹಿಂಗ ಕಟ್ಟತಿದ್ಲು," ಎಂದಷ್ಟೇ ಅಂದರು. ಆ ಮಾತಿನ ಉಬ್ಬಿನಲ್ಲಿ ನನಗೆ ನಿದ್ದೆ ಚೆನ್ನಾಗಿ ಬಂತು.

ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಸಾಹೇಬರು ತಲೆಗೆ ಎಣ್ಣೆ ಒತ್ತಿಕೊಂಡು ಕುಳಿತರು. ನಾನು ಸ್ಟೋವ್ ಹಚ್ಚಿದೆ. ನೀಲಿ ಬೆಂಕಿ ಸೊಗಸಾಗಿ ಎದ್ದಿತು. ಎರಡು ನಿಮಿಷಕ್ಕೆ ಚುಂಯ್ ಎಂದಿತು. ಮತ್ತೆ ಚುಂಯ್. ಬಗ್ಗಿ ನೋಡಿದರೆ ಬಂಬದ ತಳದ ಬೆಸುಗೆಯ ಉದ್ದಕ್ಕೂ ಹನಿಗಳು ಸಾಲುಗಟ್ಟಿ ನಿಂತು ಒಂದೊಂದಾಗಿ ಬೆಂಕಿಯ ಮೇಲೆ ಬೀಳುತ್ತಿದ್ದವು. ಸ್ಟೋವ್ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು.

ತಾಮ್ರದ ಬೆಸುಗೆ ಯಾವಾಗಲೋ ಸವೆದು ತೂತು ಬಿದ್ದಿತ್ತಂತೆ. ಅದನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ನಾನು ಬುಟ್ಟಿಯಲ್ಲಿ ತುಂಬಿ ಎಸೆದ ಆ ಸುಣ್ಣದ ಹಕ್ಕಳೆಯೇ. ಇದನ್ನು ಹೇಳಿದವನು ಪೇಟೆಯ ಕಲಾಯಿ ಮಾಡುವವನು. ಹಬ್ಬದ ದಿನ ಅವನ ಕೈಕಾಲು ಹಿಡಿದು ಕರೆತಂದಿದ್ದೆ. ಅವನು ಮಂಚದ ಕೆಳಗೆ ತಲೆ ಹಾಕಿ, ತೆಗೆದು, ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿದ.

"ಬೆಸುಗಿ ಹಾಕಬೇಕಂದ್ರ ಬಂಬ ಹೊರಗ ತಗೀಬೇಕ್ರಿ. ಬಂಬ ಹೊರಗ ತಗೀಬೇಕಂದ್ರ ಮೋಟಾರ ಒಡೀಬೇಕ್ರಿ. ಇಷ್ಟ ಚಂದ ಯಾರ ತಿಕ್ಯಾರ್ರಿ ಇದನ್ನ?"

ಹೊರಗೆ ಹುಣಸೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಆ ಮೂರು ದಿನ ನಾನು ಪಟ್ಟ ಪಾಡು ನಾಯಿಗೂ ಬೇಡ. ಮೇಣ ಮೆತ್ತಿದೆ, ಕರಗಿತು. ಸುಣ್ಣ ಬೆಲ್ಲ ಅರೆದು ಹಚ್ಚಿದೆ, ಕಿತ್ತು ಬಂತು. ಎಸೆದ ಹಕ್ಕಳೆಯನ್ನೇ ಹುಡುಕಿ ತಂದು ಕುಟ್ಟಿ ಪುಡಿ ಮಾಡಿ ಕಲಸಿ ಹಚ್ಚಿದೆ ಎಂದರೆ ನನ್ನ ಸ್ಥಿತಿ ನಿಮಗೆ ತಿಳಿಯಬಹುದು. ಯಾವುದೂ ನಿಲ್ಲಲಿಲ್ಲ. ರಾತ್ರಿಗಳು ದಿನದಿಂದ ದಿನಕ್ಕೆ ತಣ್ಣಗಾಗುತ್ತಿದ್ದವು, ಎಲ್ಲಮ್ಮನ ಗುಡ್ಡದ ಕಡೆಯಿಂದ ಬೆಳಿಗ್ಗೆ ಬೀಸುವ ಗಾಳಿಗೆ ನನ್ನ ಹಲ್ಲೇ ಕಟಕಟ ಎನ್ನುತ್ತಿದ್ದವು. ಸಾಹೇಬರು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಶಿಬಿರದ ದಿನ ಸಂಸ್ಥೆಯ ಕಾರ್ಯದರ್ಶಿಗಳೂ ಬಂದರು. ಗಾಡಿಯ ಮೆಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತ ಕುಳಿತರು. ನಾನು ಹೊರಗಿನ ಒಲೆಯಲ್ಲಿ ಕಾಯಿಸಿದ ಒಂದು ಬಕೆಟ್ ನೀರನ್ನು ಟವೆಲ್ ಮುಚ್ಚಿಕೊಂಡು ಒಳಗೆ ಒಯ್ದೆ. ಎರಡನೆಯದಕ್ಕೆ ಅವರು ನಕ್ಕು, "ಸಾಹೇಬ್ರು ಇವತ್ತ ಎರಡ ಸಲ ಜಳಕಾ ಮಾಡ್ತಾರೇನು?" ಎಂದರು. ಮೂರನೆಯದನ್ನು ಒಯ್ಯಲು ನನಗೆ ಧೈರ್ಯ ಬರಲಿಲ್ಲ. ಒಳಗಿನಿಂದ ದಿನದ ಪ್ರಶ್ನೆಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಸಾಹೇಬರು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ಕಡೆ ನಡೆದರು. ನಾನು ಹಿಂದಿನಿಂದ ನಡೆದೆ. ಮೆಟ್ಟಿಲು ಹತ್ತುವಾಗ ಈ ಹಾಳು ಭೂಮಿ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೊದಲನೆಯ ಸರದಿ ಗಂಗವ್ವನದು. ಅವಳನ್ನು ಮೇಜಿನ ಮೇಲೆ ಮಲಗಿಸಿ ನಾನು ಹನಿ ಹಾಕಿದೆ. ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಅವಳ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಗಂಗವ್ವ ಅಲುಗಾಡಲಿಲ್ಲ. ಆದರೆ ಚಾದರದ ಕೆಳಗಿನಿಂದ ಅವಳ ಕೈ ಮೇಲೆ ಬಂದು ಆ ಬೆರಳನ್ನು ಹಿಡಿದುಕೊಂಡಿತು. ಕೌದಿಯ ಅಂಚು ಹುಡುಕುವ ಹಾಗೆ ಅದರ ಮೇಲೆ ತನ್ನ ಬೆರಳು ಆಡಿಸಿದಳು. ಆಮೇಲೆ ಮುಂದಿನ ಬೆರಳು, ಅದರ ಗಂಟು.

"ಡಾಕ್ಟರಪ್ಪಾ," ಎಂದಳು, "ನಿನ್ನ ಬಟ್ಟ ಸೆಟದಾವಲ್ಲೋ. ನನ್ನ ಗಂಡಗೂ ಹಿಂಗ ಆಗಿತ್ತು. ಹೊಲದಾಗ ಕಸಾ ತಗಿಯೂ ಕುರ್ಪಿ ಹಿಡಿಯಾಕ ಬರತಿದ್ದಿಲ್ಲ ಅವಗ. ನೋಯತಾವೇನಪ್ಪಾ?"

ಅದರಲ್ಲಿ ದೂರು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬರೀ ಕನಿಕರ ಇತ್ತು. ನಾನು ಸಾಹೇಬರ ಮುಖ ನೋಡಲಾರದೆ ಹನಿಯ ಬಾಟಲಿಯನ್ನು ನೋಡುತ್ತ ನಿಂತೆ.

"ಹೌದವ್ವಾ," ಎಂದರು ಸಾಹೇಬರು. "ನೋಯತಾವ. ಭಾಳ ದಿವಸದಿಂದ ನೋಯತಾವ." ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಲು ಹೋದರು, ಗಂಟು ಬರಲಿಲ್ಲ. ನಾನು ಬಿಚ್ಚಿದೆ. ಅವರು ಕಾರ್ಯದರ್ಶಿಗಳ ಕಡೆ ತಿರುಗಿ, "ಧಾರವಾಡದಿಂದ ಬ್ಯಾರೆ ಡಾಕ್ಟರನ್ನ ಕರಸ್ರಿ. ಇವತ್ತ ನಾ ಕಣ್ಣ ಮುಟ್ಟಂಗಿಲ್ಲ," ಎಂದರು.

ಎರಡು ದಿನಕ್ಕೆ ಒಬ್ಬ ಎಳೆಯ ಡಾಕ್ಟರು ಬಂದ. ಕಾದು ಕುಳಿತ ಮಂದಿಗೆಲ್ಲ ಅವನೇ ಆಪರೇಶನ್ ಮಾಡಿದ. ಸಾಹೇಬರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ಬಾಯಿಂದಲೇ ಹೇಳಿಕೊಡುತ್ತಿದ್ದರು. ಗಂಗವ್ವನ ಪಟ್ಟಿ ಬಿಚ್ಚಿದ ದಿನ ಅವಳು ಮೊದಲು ಇಮಾಮಸಾಬನನ್ನು ನೋಡಿ ಗುರುತು ಹಿಡಿದಳು, ಆಮೇಲೆ ನನ್ನನ್ನು. "ನೀ ಏನ ಬಂಬದ ತಮ್ಮ? ದನಿ ಕೇಳಿ ಆಳ ದೊಡ್ಡಾಂವ ಇರಬೇಕ ಅಂದ್ಕೊಂಡಿದ್ದೆ," ಎಂದಳು. ಕನ್ನಡಕ ಬರುವ ತನಕ ಸೂಜಿ ಮುಟ್ಟಬಾರದು ಎಂದು ನಾನು ಎಷ್ಟು ಹೇಳಿದರೂ ಆ ಸಂಜೆಯೇ ಸೂಜಿಯನ್ನು ಬೆಳಕಿಗೆ ಹಿಡಿದು ಕುಳಿತಿದ್ದಳು.

ಸಾಹೇಬರು ಗಾಡಿ ಬಿಟ್ಟು ಹೋದ ದಿನ ಅವರ ಟ್ರಂಕನ್ನು ನಾನು ಕಟ್ಟಿದೆ. ಕೋಣೆಯಲ್ಲಿ ಉಳಿದದ್ದು ಗಾದಿಯಿಲ್ಲದ ಮಂಚ, ನಲ್ಲಿಗೆ ಕಟ್ಟಿ ಒಣಗಿಹೋದ ಬಳ್ಳಿ. ನನಗೆ ತಡೆಯಲಾಗಲಿಲ್ಲ.

"ನನ್ನಿಂದ ಆತ್ರೀ ಸಾಹೇಬ್ರ. ನಾ ಆ ಬಂಬಕ್ಕ ಕೈ ಹಚ್ಚಬಾರದಿತ್ತು."

ಅವರು ಒಣಗಿದ ಬಳ್ಳಿಯನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ರಾಮದುರ್ಗದ ಆ ನೇಕಾರ ಅಜ್ಜ ನೆನಪಿದ್ದಾನೇನ್ರಿ?"

"ಅದಾನ್ರಿ."

"ಅವತ್ತ ನೀರು ಭಾಳ ಛಲೋ ಕಾದಿತ್ತು," ಎಂದರು ಸಾಹೇಬರು.

ಅಷ್ಟು ಹೇಳಿ ಬಸ್ಸಿಗೆ ನಡೆದರು. ಇಮಾಮಸಾಬ ಟ್ರಂಕು ಹೊತ್ತುಕೊಂಡು ಹಿಂದೆ ಹೋದ. ನಾನು ಮಂಚದ ಹಲಗೆಯ ಮೇಲೆ ಕುಳಿತು ಅತ್ತೆ. ಆ ಅಜ್ಜ ನನಗೆ ಕೈಮುಗಿದದ್ದು ನೆನಪಾಯಿತು, ದಿನಕ್ಕೆರಡು ಸಲ ನಾನು ಪಿನ್ ಹಾಕಿದ್ದು ನೆನಪಾಯಿತು. ಸಾಹೇಬರ ಕೈಯ ಬೆಸುಗೆ ಸವೆದದ್ದು ನನಗೂ ಆಗಲೇ ಗೊತ್ತಿತ್ತು ಎಂದು ಈಗ ಒಪ್ಪಿಕೊಳ್ಳುವುದರಿಂದ ಅವನಿಗೆ ಮಗ್ಗದ ಎಳೆ ಕಾಣುವುದಿಲ್ಲ.

ಇದಾಗಿ ಮೂರು ವರ್ಷವಾಯಿತು. ಗಾಡಿಯನ್ನು ಸಂಸ್ಥೆಯವರು ಮಾರಿದರು. ಬಂಬ ಅದರೊಳಗೇ ಇರಬೇಕು, ತೆಗೆಯಲು ಯಾರಿಂದ ಸಾಧ್ಯ. ನಾನು ಬೈಲಹೊಂಗಲದಲ್ಲೇ ಒಂದು ದವಾಖಾನೆಯಲ್ಲಿದ್ದೇನೆ. ನೀರು ತುಂಬುವ ಹಬ್ಬ ಬಂದರೆ ನಮ್ಮ ಮನೆಯ ಬಂಬ ತಿಕ್ಕುವುದು ಈಗ ನನ್ನ ಕೆಲಸ. ಮೊದಲ ವರ್ಷ ನಾನು ಹೊರಗಷ್ಟೇ ತಿಕ್ಕಿ ಒಳಗಿನ ಹಕ್ಕಳೆಗೆ ಕೈ ಹಚ್ಚದೆ ನೀರು ತುಂಬಿಬಿಟ್ಟಿದ್ದೆ. ಹೆಂಡತಿ ನೋಡಿ, "ಒಳಗ ಯಾರ ತಿಕ್ಕಬೇಕು, ನಿಮ್ಮ ಅಪ್ಪ ಬರತಾರೇನು?" ಎಂದು ಎಲ್ಲ ನೀರನ್ನೂ ಚೆಲ್ಲಿಸಿದಳು. ಅಂದಿನಿಂದ ಕಣ್ಣು ಮುಚ್ಚಿಕೊಂಡು ಕೈ ಒಳಗೆ ಹಾಕುತ್ತೇನೆ. ತಿಕ್ಕಿ, ತುಂಬಿ, ಬೆಂಕಿ ಹಚ್ಚುವ ಮೊದಲು ತಳದಲ್ಲಿ ಒಣ ಬಟ್ಟೆ ಹಾಸಿ ಒಂದು ತಾಸು ಕಾಯುತ್ತೇನೆ. ಸೋರುವುದಿದ್ದರೆ ಈಗಲೇ ಸೋರಲಿ ಎಂದು.

ಪ್ರತಿ ವರ್ಷ ಆ ದಿನದ ಹೊತ್ತಿಗೆ ಧಾರವಾಡದಿಂದ ಒಂದು ಕಾರ್ಡು ಬರುತ್ತದೆ. ಅಕ್ಷರ ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ, ಸೊಟ್ಟಗಾಗಿ, ಈಗೀಗ ಇಡೀ ಕಾರ್ಡಿನಲ್ಲಿ ಒಂದೇ ಸಾಲು ಹಿಡಿಸುತ್ತದೆ: ಬಂಬ ತೊಳೆದಿರೇನು? ನಾನು ಅಂದೇ ಉತ್ತರ ಬರೆಯುತ್ತೇನೆ. ಮೊದಲೆರಡು ವರ್ಷ, ತೊಳೆದೆ, ಒಳಗೂ ತೊಳೆದೆ, ಸೋರಲಿಲ್ಲ ಎಂದು ಬರೆದೆ. ಈ ವರ್ಷ ಬಟ್ಟೆ ಒದ್ದೆಯಾಗಿತ್ತು, ಅದನ್ನೂ ಬರೆದು ಹಾಕಿದೆ.